ಎಡಗೈ ಗಂಟು

ಕಾಯ್ದಿಟ್ಟ ಈ ಕಡಲಲ್ಲಿ ಯಾರೂ ಮೀನು ಹಿಡಿಯುವಂತಿಲ್ಲ. ಹಿಂದೆಂದೋ ತಳ ಸೇರಿದ ಬಲೆಗಳು ಮಾತ್ರ ಹಿಡಿಯುತ್ತಲೇ ಇರುತ್ತವೆ. ಅವನ್ನು ಎತ್ತಿ ತರುವುದು ನನ್ನ ಕೆಲಸ.

ಒಂದು ಮಧ್ಯಾಹ್ನ ಎತ್ತಿದ ಬಲೆಯಲ್ಲಿ ಆಮೆಯೊಂದು ಸಿಕ್ಕಿಕೊಂಡಿತ್ತು. ಬಲೆ ಕತ್ತರಿಸಿ ಅದನ್ನು ನೀರಿಗೆ ಬಿಟ್ಟೆ. ಬಲೆಯ ಮೈತುಂಬ ಚಿಪ್ಪು ಬೆಳೆದಿತ್ತು. ಯಾರೋ ಗಂಟು ಹಾಕಿ ದುರಸ್ತಿ ಮಾಡಿದ ಕಡೆ ಮಾತ್ರ ದಾರ ಹೊಸದಾಗಿತ್ತು.

"ಕಡಲ ತಳದಲ್ಲಿ ಸತ್ತೋರಿಗೂ ಓವರ್‌ಟೈಮ್ ಕೊಡ್ತಾರೇನೋ," ಅಂದ ದೋಣಿಯವನು. ನನಗೆ ನಗು ಬರಲಿಲ್ಲ.

ಬಲೆಯನ್ನು ದಡದ ಶೆಡ್ಡಿಗೆ ತಂದು ಹಾಕಿದೆ. ಅಲ್ಲಿಗೆ ಊಟದ ಡಬ್ಬಿ ತಂದ ಅತ್ತಿಗೆ ಆ ಗಂಟುಗಳನ್ನು ಮುಟ್ಟಿ ನೋಡಿದರು. ನಮ್ಮಣ್ಣ ಎಡಚ. ಅವನು ಹಾಕಿದ ಗಂಟು ಉಲ್ಟಾ ತಿರುಗಿರುತ್ತಿತ್ತು. ಸಿಕ್ಕಿಬಿದ್ದ ಬಲೆ ಬಿಡಿಸಲು ಮುಳುಗಿದವನು ಮೇಲೆ ಬರಲೇ ಇಲ್ಲ.

"ನಿಮ್ಮಣ್ಣಂದೇ," ಅಂದರು ಅತ್ತಿಗೆ. "ಡಬ್ಬಿ ತೊಳೆದು ಕೊಡು, ನಾಳೆಗೆ ಬೇಕು."

ಶೆಡ್ಡಿಗೆ ಬೀಗ ಹಾಕಿ, ಕೀ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದೆ. ಬೆಳಿಗ್ಗೆ ಬಲೆ ಒಣಗಿ ಗರಿಗರಿಯಾಗಿತ್ತು. ಆಮೆಗಾಗಿ ನಾನು ಕತ್ತರಿಸಿದ್ದ ತೂತು ಮಾತ್ರ ಅರ್ಧ ಮುಚ್ಚಿತ್ತು. ಅಲ್ಲಿನ ಗಂಟುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಮತ್ತೆ ಕತ್ತರಿಸಿದೆ. ಈಗ ದಿನವೂ ಕತ್ತರಿಸುತ್ತೇನೆ. ಅತ್ತಿಗೆ ಡಬ್ಬಿಯ ಜೊತೆ ದಾರದ ಉಂಡೆಯೊಂದನ್ನು ತಂದು ಬಲೆಯ ಪಕ್ಕ ಇಟ್ಟು ಹೋಗುತ್ತಾರೆ. ಬೆಳಗಾಗುವಷ್ಟರಲ್ಲಿ ಅದು ಸಣ್ಣದಾಗಿರುತ್ತದೆ.