ಆರನೇ ಪ್ಲೇಟು

೧೯೫೮ರ ಫೆಬ್ರವರಿ ಹತ್ತು, ಸೋಮವಾರ. ಬಟ್ಟೆ ವ್ಯಾಪಾರಿ ಗುರುಮಲ್ಲಪ್ಪನವರು ಬೆಳಿಗ್ಗೆಯೇ ಶಿಕಾರಿಪುರ ಠಾಣೆಗೆ ಬಂದು ಕಳವಿನ ದೂರು ಕೊಟ್ಟರು. ಕಳುವಾದದ್ದು ದಕ್ಷಯಜ್ಞದ ಸಂಗೀತ ನಾಟಕದ ಆರು ಗ್ರಾಮಾಫೋನ್ ಪ್ಲೇಟು. ಬರೆದುಕೊಳ್ಳುತ್ತಿದ್ದ ದಫೇದಾರ್ ಚಿಕ್ಕಬೀರಪ್ಪನಿಗೆ ನಗು ತಡೆಯಲಾಗಲಿಲ್ಲ. ಸಾಹುಕಾರರು ಕೆಂಡವಾದರು.

"ನಗಬ್ಯಾಡ್ರೀ! ಇಡೀ ಕಂಪನಿನೇ ಹಾಡೈತೆ ಅದರಾಗೆ. ನಮ್ಮನೆ ಕಾರ್ಯಕ್ಕೆ ಜನ ಬರೋದೇ ಅದನ್ನ ಕೇಳಾಕೆ."

ಇನ್ಸ್‌ಪೆಕ್ಟರ್ ಬೆನಕಪ್ಪ ಕುರ್ಚಿ ಎಳೆದುಕೊಂಡು ಕೂತರು.

"ಕೊನೇ ಸಲ ಹಾಕಿದ್ದು ಯಾವಾಗ?"

"ದೀಪಾವಳಿ ಆದಮೇಲೆ. ಮಗಳ ನಿಶ್ಚಯದ ದಿನ."

"ಇಲ್ಲ ಅಂತ ಗೊತ್ತಾಗಿದ್ದು?"

"ನಿನ್ನೆ. ಬೀಗ ಹಾಕಿದ್ದು ಹಾಕಿದಂಗೇ ಐತೆ, ಬೀರು ಖಾಲಿ. ಚಾವಿ ಇರೋದು ನಮ್ಮ ಆಳು ಜಟ್ಟಪ್ಪನ ಕೈಯಾಗೆ. ಅವನೇ ಕಳ್ಳ, ಬರ್ಕೊಳ್ರೀ."

ಕಳ್ಳನನ್ನೂ ದೂರುದಾರರೇ ಹುಡುಕಿ ಕೊಟ್ಟರೆ ಪೊಲೀಸರ ಕೆಲಸ ಎಷ್ಟು ಹಗುರ! ಎಫ್.ಐ.ಆರ್. ಆಯಿತು, ಬೀರುವಿನ ಮುಂದೆ ಪಂಚರನ್ನು ನಿಲ್ಲಿಸಿ ಪಂಚನಾಮೆಯೂ ಆಯಿತು. ಸಂಜೆಯೊಳಗೆ ಜಟ್ಟಪ್ಪ ಲಾಕಪ್ಪಿನಲ್ಲಿದ್ದ. ಆ ಮನೆಯಲ್ಲಿ ಗ್ರಾಮಾಫೋನಿಗೆ ಕೀಲಿ ಕೊಟ್ಟು, ಮುಳ್ಳು ಬದಲಿಸಿ, ಪ್ಲೇಟು ತಿರುವಿ ಹಾಕುತ್ತಿದ್ದವನು ಅವನೊಬ್ಬನೇ.

"ಚಾವಿ ಎಲ್ಲಿಡ್ತೀಯ?" ಬೆನಕಪ್ಪ ಕೇಳಿದರು.

"ಸೊಂಟದಾಗೆ. ಊಟ ಬಡಿಸೋವಾಗ ಮಾತ್ರ ಅಡಿಗೆಮನೆ ಮೊಳೆಗೆ ಹಾಕ್ತೀನ್ರೀ."

"ನಿಶ್ಚಯದ ದಿನ ಅಡಿಗೆಮನೇಲಿ ಯಾರಿದ್ರು?"

"ಅರ್ಧ ಊರೇ ಇತ್ರೀ."

"ಪ್ಲೇಟಿಗೆ ಗುರುತು?"

"ನಾಕನೇದಕ್ಕೆ ಗೀರು ಬಿದ್ದೈತೆ. 'ಕಣ್ಣು ತೆರೆಯೋ' ಅನ್ನೋ ಕಡೆ ಮುಳ್ಳು ಸಿಗಾಕ್ಕೊಂಡು ಅಲ್ಲೇ ಸುತ್ತತೈತೆ. ಬೆರಳಾಗೆ ಮೆಲ್ಲಕೆ ತಟ್ಟಿದ್ರೆ ಮುಂದಕ್ಕೆ ಹೋಗತೈತೆ." ಅವನು ಕಂಬಿ ಹಿಡಿದು ಹತ್ತಿರ ಬಂದ. "ಜೈಲಿಗೆ ಬೇಕಾದ್ರೆ ಹಾಕ್ರೀ ಸ್ವಾಮಿ. ಕಳ್ಳ ಅನ್ನಿಸ್ಕೊಂಡು ಈ ಊರಾಗೆ ಹೆಂಗೆ ತಿರುಗಾಡ್ಲಿ?"

ಬೆನಕಪ್ಪನವರಿಗೆ ಅವನ ಮಾತಿನಲ್ಲಿ ಸುಳ್ಳು ಕಾಣಲಿಲ್ಲ. ಆದರೆ ಕಾಣಲಿಲ್ಲ ಎಂದು ಬರೆದರೆ ಮ್ಯಾಜಿಸ್ಟ್ರೇಟರು ಒಪ್ಪುತ್ತಾರೆಯೇ? ಚಿಕ್ಕಬೀರಪ್ಪ ಪಾತ್ರೆ ಅಂಗಡಿ, ಗುಜರಿ ಅಂಗಡಿ, ಬಸ್ ನಿಲ್ದಾಣ ಎಲ್ಲ ಜಾಲಾಡಿ ಬರಿಗೈಲಿ ಬಂದ. ಜಟ್ಟಪ್ಪನ ಹೆಂಡತಿ ಮೂಕಮ್ಮ ನೀರಿಗೆ ಹೋದರೆ ಬಾವಿಕಟ್ಟೆಯ ಮಾತು ಗಕ್ಕನೆ ನಿಲ್ಲುತ್ತಿತ್ತಂತೆ.

ಗುರುವಾರ ಸೊರಬ ತಾಲೂಕಿನ ಜಡೆಯಲ್ಲಿ ಹೊಸ ಶಾಲೆಯ ಉದ್ಘಾಟನೆ. ಡೆಪ್ಯುಟಿ ಕಮಿಷನರ್ ಸಾಹೇಬರು ಬರುವವರಿದ್ದರು. ಸೊರಬವೂ ತಮ್ಮ ಸರ್ಕಲ್ಲಿಗೇ ಸೇರಿದ್ದರಿಂದ ಬೆನಕಪ್ಪ ಬಂದೋಬಸ್ತಿಗೆ ಹೋಗಲೇಬೇಕಾಯಿತು. ಜಟ್ಟಪ್ಪನ ಯೋಚನೆಯಲ್ಲೇ ಚಿಕ್ಕಬೀರಪ್ಪನೊಂದಿಗೆ ಚಪ್ಪರದ ಮೂಲೆಯಲ್ಲಿ ನಿಂತರು.

ಪ್ರಾರ್ಥನೆಗೆ ಊರಿನ ಭಜನೆಯ ಹೆಂಗಸರು ಎದ್ದರು, ಹನ್ನೆರಡು ಜನ. ಮುಂದೆ ನಿಂತವಳು ದ್ಯಾಮಮ್ಮ, ಸುತ್ತಿನ ಊರುಗಳ ಮದುವೆಗಳಿಗೆ ಅಡಿಗೆ ಮಾಡುವವಳು. ಎತ್ತರದ ಆಳು. ಬಾಯಿ ತೆರೆದಳು ನೋಡಿ, ಚಪ್ಪರ ತುಂಬಿತು. ಸಾಹೇಬರು ಕೈಯಲ್ಲಿದ್ದ ಬೀಸಣಿಗೆ ಬದಿಗಿಟ್ಟರು.

ಹಾಡು ಏರುತ್ತಾ ಹೋಗಿ, ಸಾಲಿನ ನಟ್ಟನಡುವೆ ಹನ್ನೆರಡು ಬಾಯಿಗಳೂ ಒಟ್ಟಿಗೇ ಮುಚ್ಚಿದವು. ಯಾರೂ ಕದಲಲಿಲ್ಲ. ಮರೆತರೇನೋ ಎಂದು ಸಾಹೇಬರು ಚಪ್ಪಾಳೆಗೆ ಕೈಯೆತ್ತುವಷ್ಟರಲ್ಲಿ ಅರ್ಧಕ್ಕೆ ನಿಂತಿದ್ದ ಸಾಲು ಅಲ್ಲಿಂದಲೇ ಮುಂದುವರಿಯಿತು. ಇನ್ನೊಂದಷ್ಟು ಹಾಡಿ ಮತ್ತೆ ಹಾಗೇ ನಿಂತರು. ಬೆನಕಪ್ಪನವರ ಕಿವಿ ನೆಟ್ಟಗಾಯಿತು. ಅಷ್ಟಷ್ಟೇ ಹೊತ್ತು ಹಾಡಿ ನಿಲ್ಲುವುದೆಂದರೆ ಇನ್ನೇನು? ಒಂದೊಂದು ಮಗ್ಗುಲು ಮುಗಿದಾಗ ಪ್ಲೇಟು ತಿರುವಿ ಹಾಕುವ ಬಿಡುವು!

"ಕಣ್ಣು ತೆರೆಯೋ," ಎಂದರು ಹೆಂಗಸರು. "ಕಣ್ಣು ತೆರೆಯೋ. ಕಣ್ಣು ತೆರೆಯೋ."

ದ್ಯಾಮಮ್ಮ ಬೆರಳು ಮಡಚಿ ಚಪ್ಪರದ ಕಂಬಕ್ಕೆ ಮೆಲ್ಲಗೆ ತಟ್ಟಿದಳು. ಹಾಡು ಮುಂದಕ್ಕೆ ಹೋಯಿತು.

ಬೆನಕಪ್ಪನವರಿಗೆ ಕುಣಿಯುವುದೊಂದು ಬಾಕಿ. ಸಿಕ್ಕಿತು! ಪಕ್ಕದಲ್ಲಿದ್ದ ಚಿಕ್ಕಬೀರಪ್ಪನ ಭುಜವನ್ನು ಅವರು ಹಿಡಿದ ಹಿಡಿತಕ್ಕೆ ಪಾಪ ಅವನು ನರಳಿದ.

ಹಾಡು ಪೂರ್ತಿ ಮುಗಿಯುವ ತನಕ ಕಾದು, ಸಾಹೇಬರ ಜೀಪು ಹೊರಟ ಮೇಲೆ ಆಕೆಯ ಬಳಿ ಹೋದರು.

"ಅಮ್ಮಾ, ಹಾಡಿನ ನಡುವೆ ಕಂಬ ಯಾಕೆ ತಟ್ಟಿದ್ರಿ?"

"ಅಲ್ಲಿ ತಟ್ಟದಿದ್ರೆ ಅದು ಮುಂದಕ್ಕೇ ಹೋಗಲ್ರೀ," ದ್ಯಾಮಮ್ಮ ಹೆಮ್ಮೆಯಿಂದ ಹೇಳಿದಳು. "ಆ ಹಾಡಿನ ಕ್ರಮಾನೇ ಹಂಗೆ."

"ಶಿಕಾರಿಪುರದಲ್ಲಿ ಜಟ್ಟಪ್ಪನೂ ಹಾಗೇ ತಟ್ತಾನಂತೆ."

ಆಕೆಯ ಮುಖ ಬಿಳುಚಿತು. ಸೀದಾ ಭಜನೆಮನೆಗೆ ನಡೆದಳು. ಅಲ್ಲಿ ಊರಿನ ಹಳೇ ಗ್ರಾಮಾಫೋನಿನ ಪಕ್ಕ ಒಂದು ಪೆಟ್ಟಿಗೆ ಇತ್ತು, ಮೇಲೆ ವಿಭೂತಿ, ಹೂವು. ಒಳಗೆ ಆರು ಪ್ಲೇಟು, ಒಂದೂ ಒಡೆದಿರಲಿಲ್ಲ. ಸಾಹುಕಾರರೇ ಮೆಚ್ಚಿ ಕೊಟ್ಟದ್ದೆಂದು ಜೊತೆಯ ಹೆಂಗಸರಿಗೆ ಹೇಳಿದ್ದಳಂತೆ. ಚಿಕ್ಕಬೀರಪ್ಪ ಇಬ್ಬರು ಪಂಚರನ್ನು ಕರೆತಂದ. ಜಪ್ತಿ ಪಂಚನಾಮೆ ಆಯಿತು.

"ಜಟ್ಟಪ್ಪ ಲಾಕಪ್ಪಿನಲ್ಲಿದ್ದಾನೆ," ಬೆನಕಪ್ಪ ಹೇಳಿದರು. "ಈ ಪ್ಲೇಟುಗಳಿಗಾಗಿ."

"ಅವನ್ಯಾಕೆ? ಅವನೇನು ಮಾಡ್ಯಾನೆ?" ದ್ಯಾಮಮ್ಮ ಗೋಡೆ ಹಿಡಿದುಕೊಂಡಳು. "ಅಯ್ಯೋ ಶಿವನೇ, ನಂಗೆ ಗೊತ್ತಿಲ್ಲಾಗಿತ್ತು. ನಡೀರಿ ಸ್ವಾಮಿ, ಈಗ್ಲೇ ನಡೀರಿ."

ಬಸ್ಸು ಶಿಕಾರಿಪುರದ ಪೇಟೆ ಬೀದಿಯಲ್ಲಿ ನಿಂತಿತು. ಹೆಂಗಸಿನ ಮಾನ ಎಂದು ಬೆನಕಪ್ಪ ಹಿಂದಿನ ಓಣಿಯ ದಾರಿ ತೋರಿಸಿದರು. ದ್ಯಾಮಮ್ಮ ಒಪ್ಪಲಿಲ್ಲ. ಬೀದಿಯ ನಡುವೆ ನಿಂತು, ಸೆರಗು ಬಿಗಿದು, ಚಪ್ಪರ ತುಂಬಿಸಿದ ಅದೇ ಗಂಟಲು ತೆರೆದಳು.

"ಕೇಳ್ರಪ್ಪೋ! ಸಾಹುಕಾರ್ರ ಪ್ಲೇಟು ಕದ್ದಾಕಿ ನಾನು, ಜಡೆ ದ್ಯಾಮಮ್ಮ! ಜಟ್ಟಪ್ಪ ಮುಟ್ಟಿಲ್ಲ! ಅವನು ಕಳ್ಳ ಅಲ್ಲ!"

ಅಂಗಡಿ ಅಂಗಡಿಯ ಮುಂದೆ ನಿಂತು ಕೂಗಿದಳು. ತಕ್ಕಡಿ ಹಿಡಿದವರು ತಕ್ಕಡಿ ಬಿಟ್ಟು ಬಂದರು. ಠಾಣೆ ಮುಟ್ಟುವಷ್ಟರಲ್ಲಿ ಹಿಂದೆ ಇಡೀ ಪೇಟೆಯೇ ಇತ್ತು, ಗುರುಮಲ್ಲಪ್ಪನವರೂ ಇದ್ದರು. ಲಾಕಪ್ಪಿನ ಬೀಗವನ್ನು ಬೆನಕಪ್ಪ ತಾವೇ ತೆಗೆದರು. ನಾಲ್ಕು ದಿನದ ಗಡ್ಡದ ಜಟ್ಟಪ್ಪ ಮೆಟ್ಟಿಲ ಮೇಲೆ ಬಂದು ಧಣಿಯ ಮುಖವನ್ನೇ ನೋಡುತ್ತಾ ನಿಂತ.

"ತಪ್ಪಾತು ಜಟ್ಟಪ್ಪ," ಸಾಹುಕಾರರು ಎಲ್ಲರಿಗೂ ಕೇಳುವಂತೆ ಹೇಳಿದರು. "ನನ್ನಿಂದ ತಪ್ಪಾತು. ಮನೀಗೆ ನಡಿ."

ಜನ ಹೋ ಎಂದು ಕೂಗಿದರು. ಹೋಟೆಲಿನ ಪುಟ್ಟಪ್ಪ ಚಹಾ ಹಿಡಿದು ಓಡಿ ಬಂದ. ಸುದ್ದಿ ಕೇಳಿ ಬಂದಿದ್ದ ಮೂಕಮ್ಮ ಗಂಡನ ಪಕ್ಕದಲ್ಲಿ ಪೇಟೆ ಬೀದಿಯ ನಟ್ಟನಡುವೆ ನಡೆದು ಮನೆಗೆ ಹೋದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಬೆನಕಪ್ಪನವರಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಸಂಜೆ ದ್ಯಾಮಮ್ಮನ ದಸ್ತಗಿರಿ ದಾಖಲಾಯಿತು. ಹೇಳಿಕೆ ಬರೆದುಕೊಳ್ಳುತ್ತಾ ಬೆನಕಪ್ಪ ಕೇಳಿದರು:

"ಯಾಕೆ ತಗೊಂಡ್ರಿ?"

"ಆ ಮನೇಲಿ ನಾಕು ಸಲ ಅಡಿಗೆ ಮಾಡೀನ್ರೀ. ನಾಕು ಸಲಾನೂ ಒಲೆ ಮುಂದೆ ಕೂತು ಕೇಳೀನಿ. ಐದನೇ ಪ್ಲೇಟಿನಾಗೆ ಸತಿ ಬೆಂಕಿಗೆ ಬೀಳ್ತಾಳೆ. ಅಷ್ಟೊತ್ತಿಗೆ ಎಲೆ ಹಾಕ್ರೀ ಅಂದ್ಬಿಡೋರು, ಮಿಷಿನ್ನು ನಿಲ್ಲಿಸೋರು. ಸತ್ತೋದ್ಳು ಅಂತ ಅಳ್ತಾನೇ ಬಡಿಸ್ತಿದ್ದೆ."

"ಆರನೇದರಲ್ಲಿ ಏನಿದೆ?"

ದ್ಯಾಮಮ್ಮನ ಮುಖ ಅರಳಿತು.

"ಶಿವ ಬರ್ತಾನ್ರೀ. ದಕ್ಷಂಗೂ ಜೀವ ಕೊಡ್ತಾನೆ. ಆಮೇಲೆ ಎಲ್ಲಾರೂ ಸೇರ್ಕೊಂಡು ಹಾಡ್ತಾರೆ."