ಪಂಚೆಯ ಮೇಲಿನ ಗೃಹಪ್ರವೇಶ

ಲೈಟು ಹಾಕಿದಾಗ ಡಾಬು ಇರಲಿಲ್ಲ.

ಹೊಸ ತಿಪ್ಪಸಂದ್ರದ ಮುನಿವೆಂಕಟಪ್ಪನವರ ಮದುವೆಗೆ ಐವತ್ತು ವರ್ಷ ತುಂಬಿದ ಸಂಜೆ. ಹಾಲಿಗೆ ಅಡ್ಡಲಾಗಿ ಅವರದೇ ಬಿಳಿ ಪಂಚೆ ಇಳಿಬಿಟ್ಟಿದ್ದರು. ಸೊಸೆ ಸುಕನ್ಯ ತನ್ನ ಹಳೇ ಡಿಜಿಟಲ್ ಕ್ಯಾಮೆರಾವನ್ನು ಬಾಡಿಗೆ ಪ್ರೊಜೆಕ್ಟರಿಗೆ ಸಿಕ್ಕಿಸಿ ಫೋಟೋ ತೋರಿಸಿದ್ದಳು. ಕೊನೆಯ ಫೋಟೋ ಆದಮೇಲೆ ಅತ್ತೆ ರಾಮಲಕ್ಷ್ಮಮ್ಮ ತಮ್ಮ ಚಿನ್ನದ ಡಾಬನ್ನು ಅವಳ ಸೊಂಟಕ್ಕೆ ಕಟ್ಟಬೇಕಿತ್ತು. ಪಂಚೆಯ ಹಿಂದಿನ ಕೋಣೆಗೆ ಹೋದರು. ಬೀರು ಬಾಯಿ ತೆರೆದಿತ್ತು.

ಸಬ್ ಇನ್ಸ್‌ಪೆಕ್ಟರ್ ಶ್ವೇತ ಬರುವಷ್ಟರಲ್ಲಿ ನೆಂಟರು ತನಿಖೆ ಮುಗಿಸಿದ್ದರು. ಮನೆಗೆಲಸದ ಭಾಗ್ಯಲಕ್ಷ್ಮಿಯ ಚೀಲ ಹಾಲಿನ ನಡುವೆ ಬರಿದಾಗಿ ಬಿದ್ದಿತ್ತು. ಟಿಫಿನ್ ಡಬ್ಬಿ, ಬಾಚಣಿಗೆ, ಮಡಿಸಿದ ಸೀರೆ. ಡಾಬು ಸಿಕ್ಕಿರಲಿಲ್ಲ. ಅದರಿಂದ ಯಾರ ಅನುಮಾನವೂ ಕಡಿಮೆಯಾಗಿರಲಿಲ್ಲ.

"ಪಂಚೆ ಹಿಂದೆ ಇದ್ದಿದ್ದು ಇವಳೊಬ್ಳೇ ಮೇಡಂ," ಎಂದ ಅಳಿಯ ಮುನೀಂದ್ರ. "ಸ್ಟೇಷನ್ನಿಗೆ ಕರ್ಕೊಂಡ್ಹೋಗಿ. ಬಾಯಿ ಬಿಡ್ತಾಳೆ."

"ಹೌದು, ಹಿಂದೇನೇ ಇದ್ದೆ," ಎಂದಳು ಭಾಗ್ಯಲಕ್ಷ್ಮಿ. "ಪಾತ್ರೆ ತೊಳೀತಾ ಒಂದ್ಸಲ ಇಣುಕಿದೆ. ಫೋಟೋದಲ್ಲಿ ಅಮ್ಮೋರ ಮೂಗುಬೊಟ್ಟು ಆ ಕಡೆಗೆ ಹೋಗ್ಬಿಟ್ಟಿತ್ತು. ನಗು ಬಂತು. ಅಷ್ಟೇ ಮೇಡಂ."

ಈಗ ಅವಳು ನಗುತ್ತಿರಲಿಲ್ಲ.

ಪ್ರೊಜೆಕ್ಟರ್ ತಂದುಕೊಟ್ಟಿದ್ದ ಮುತ್ತುರಾಜನ ಮೇಲೂ ಮುನಿವೆಂಕಟಪ್ಪನವರಿಗೆ ಒಂದು ಕಣ್ಣಿತ್ತು. ಫೋನ್ ಮಾಡಿದರೆ ಅವನು ಮಾರತ್ತಹಳ್ಳಿಯ ಮದುವೆಯೊಂದರಲ್ಲಿದ್ದ. ವಾಲಗವೇ ಸಾಕ್ಷಿ ಹೇಳಿತು.

\* \* \*

ಶ್ವೇತ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದಳು.

"ನೀವೆಲ್ಲಿದ್ರಿ?"

"ಮುಂದಿನ ಸಾಲಲ್ಲೇ," ಎಂದ ಮುನೀಂದ್ರ. "ಎದ್ದೇ ಇಲ್ಲ."

"ಎಲ್ಲಾ ಫೋಟೋ ನೋಡಿದ್ರಾ?"

"ಒಂದೂ ಬಿಟ್ಟಿಲ್ಲ. ಗೃಹಪ್ರವೇಶದಲ್ಲಿ ನಮ್ಮತ್ತೆ ಎಡಗೈಲಿ ತಾಂಬೂಲ ಕೊಡ್ತಿದ್ರಲ್ಲ, ಬೇಕಾದ್ರೆ ಹಾಕಿ ನೋಡಿ!"

ರಾಮಲಕ್ಷ್ಮಮ್ಮನವರ ಮುಖ ಕೆಂಪಾಯಿತು. ಡಾಬು ಹೋದಾಗಲೂ ಅಷ್ಟು ಕೆಂಪಾಗಿರಲಿಲ್ಲ.

"ಏನ್ ಅಳಿಯಂದ್ರೇ ಇದು? ಎಡಗೈಲಿ ಯಾರಾದ್ರೂ ತಾಂಬೂಲ ಕೊಡ್ತಾರಾ?"

"ಲೈಟ್ ಆರಿಸಿ," ಎಂದಳು ಶ್ವೇತ. "ಆ ಫೋಟೋ ಹಾಕಿ."

ಪಂಚೆಯ ಮೇಲೆ ರಾಮಲಕ್ಷ್ಮಮ್ಮ ನಗುತ್ತ ತಾಂಬೂಲ ಕೊಡುತ್ತಿದ್ದರು. ಬಲಗೈಯಲ್ಲಿ.

ಶ್ವೇತ ಮುನೀಂದ್ರನನ್ನು ಪಂಚೆಯ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಅದೇ ಕೈ ಎಡಗೈಯಾಗಿತ್ತು.

"ಬಟ್ಟೆ ತೆಳ್ಳಗಿದೆ, ಚಿತ್ರ ಈ ಕಡೆಗೂ ಬರುತ್ತೆ. ಆದರೆ ತಿರುಗುಮುರುಗಾಗಿ. ಮುಂದೆ ಕೂತವ್ರಿಗೆ ಎಡಗೈ ಕಾಣೋಕೆ ಸಾಧ್ಯಾನೇ ಇಲ್ಲ. ಹಿಂದಿದ್ದೆ ಅಂತ ಭಾಗ್ಯಲಕ್ಷ್ಮಿ ಅವ್ರೇ ಹೇಳಿದ್ರು. ನೀವ್ಯಾಕೆ ಮುಚ್ಚಿಟ್ರಿ?"

ಮುನೀಂದ್ರ ಕತ್ತಲಲ್ಲಿ ಪಕ್ಕದ ಬಾಗಿಲಿಂದ ಹೊರಬಿದ್ದು, ಹಿತ್ತಲಿನಿಂದ ಒಳಬಂದಿದ್ದ. ಡಾಬು ಅವನ ಸ್ಕೂಟರಿನ ಡಿಕ್ಕಿಯಲ್ಲಿ ಸಿಕ್ಕಿತು.

"ಮಗಳಿಗೆ ಬರ್ಬೇಕಾಗಿದ್ದನ್ನ ಸೊಸೆಗೆ ಕೊಡೋಕೆ ಹೊರಟಿದ್ರು," ಎಂದು ಗೊಣಗಿದ.

"ನಂಗೆ ಬೇಕಾ ಅಂತ ಒಂದ್ಸಲನಾದ್ರೂ ಕೇಳಿದ್ರಾ?" ಎಂದಳು ಅವನ ಹೆಂಡತಿ ರಮ್ಯಶ್ರೀ.

\* \* \*

"ಮನೆ ವಿಷಯ ಮೇಡಂ," ಎಂದರು ಮುನಿವೆಂಕಟಪ್ಪ. "ಇಲ್ಲೇ ಮುಗಿಸಿಬಿಡೋಣ."

"ಇಷ್ಟೊತ್ತು ಸ್ಟೇಷನ್ ವಿಷಯ ಆಗಿತ್ತಲ್ಲ ಸರ್?"

ಮುನಿವೆಂಕಟಪ್ಪ ನೆಲ ನೋಡಿದರು. ನೆಲದಲ್ಲಿ ಭಾಗ್ಯಲಕ್ಷ್ಮಿ ಕುಕ್ಕರುಗಾಲಲ್ಲಿ ಕೂತು ಬಾಚಣಿಗೆ, ಡಬ್ಬಿ, ಸೀರೆ ಒಂದೊಂದಾಗಿ ಚೀಲಕ್ಕೆ ತುಂಬುತ್ತಿದ್ದಳು. ಅದನ್ನು ಸುರಿದವರು ಎಂಟು ಹತ್ತು ಜನ. ತುಂಬಲು ಒಬ್ಬರೂ ಬಗ್ಗಲಿಲ್ಲ.

ರಾಮಲಕ್ಷ್ಮಮ್ಮ ತಾಂಬೂಲ ಹಿಡಿದು ಬಂದರು. ಅವರ ಹಿಂದೆ, ಪಂಚೆಯ ಮೇಲೆ, ಅವರೇ ಇನ್ನೂ ನಗುತ್ತಿದ್ದರು.

"ತಗೋ ಭಾಗ್ಯ. ಮನಸ್ಸಿಗೆ ಹಚ್ಕೋಬೇಡ. ನಾಳೆ ಬಾರಮ್ಮ."

ಬಲಗೈಯನ್ನೇ ಚಾಚಿದ್ದರು.

ಭಾಗ್ಯಲಕ್ಷ್ಮಿ ಚೀಲವನ್ನು ಎರಡೂ ಕೈಯಿಂದ ಎದೆಗವಚಿಕೊಂಡಳು.

"ಕೈ ಖಾಲಿ ಇಲ್ಲಮ್ಮ," ಎಂದು ಹೊರಟಳು.