ನಾಯಿ ನಮ್ಮದಲ್ಲ ಎಂದ ಹಂಪಣ್ಣ

2025ರ ಫೆಬ್ರುವರಿ 6, ಗುರುವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಇಮಾಮಬೀ ಸುರಪುರ ಠಾಣೆಗೆ ಬಂದಳು. ಬಲಗೈಗೆ ಬ್ಯಾಂಡೇಜು, ಎಡಗೈಯಲ್ಲಿ ಆಸ್ಪತ್ರೆಯ ಚೀಟಿ. ಇಪ್ಪತ್ತೆಂಟು ವರ್ಷದಿಂದ ರಂಗಂಪೇಟೆಯ ಮನೆಮನೆಗೆ ಹೋಗಿ ಬಳೆ ಇಡುತ್ತಿದ್ದವಳು. ಹೆಡ್ ಕಾನ್‌ಸ್ಟೆಬಲ್ ಖಾಜಾಮಿಯಾನ ಮಗಳ ಮದುವೆಯಲ್ಲಿ ಬಳೆ ಇಟ್ಟವಳೂ ಅವಳೇ. ಅವನೇ ಕುರ್ಚಿ ಎಳೆದುಕೊಟ್ಟ.

“ಏನಾತು ಆಪಾ?”

“ನಾಯಿ ಕಚ್ಚ್ಯಾದ. ಹಂಪಣ್ಣನ ಮನಿ ಅಂಗಳದಾಗ.”

ಇನ್ಸ್‌ಪೆಕ್ಟರ್ ವಿಶ್ವರಾಧ್ಯ ಪೆನ್ನು ತೆಗೆದುಕೊಂಡರು. “ಯಾವಾಗ?”

“ಮಂಗಳಾರ, ನಾಕು ಗಂಟೇಕ್ರಿ. ಹಂಪಣ್ಣನ ಹೆಂಡ್ತಿ ಕಲ್ಯಾಣಮ್ಮಗ ಬಳಿ ಇಡಾಕತ್ತಿದ್ದೆ. ಕಡೀ ಬಳಿ ಬಿಗಿ ಆಗಿ ಆಕಿ ‘ಹಾ’ ಅಂದ್ಳು. ಎಲ್ಲಿತ್ತೋ ಏನೋ, ಕೆಂದ ನಾಯಿ ಬಂದು ನನ್ನ ಹೆಬ್ಬಟ್ಟು ಹಿಡಕೊಂಡ್ತು.”

ಚೀಟಿಯಲ್ಲಿ ಹೆಬ್ಬೆರಳಿನ ನರ ಹರಿದಿದೆ, ಮೂರು ತಿಂಗಳು ಕೆಲಸ ಕೂಡದು ಎಂದು ಬರೆದಿತ್ತು. ರೇಬೀಸಿನ ಮೊದಲ ಸೂಜಿ ಆಗಿತ್ತು, ಇನ್ನೂ ಬಾಕಿ ಇದ್ದವು.

“ಹೆಬ್ಬಟ್ಟಿಲ್ದ ಬಳಿ ಇಡಾಕ ಬರಂಗಿಲ್ರಿ ಸಾಹೇಬ್ರ. ಕೋರ್ಟಿನ್ಯಾಗ ಪುಕ್ಕಟ ವಕೀಲ್ರು ಸಿಗ್ತಾರಂದ್ರು, ಹೋಗಿದ್ದೆ. ‘ಪರಿಹಾರ ಕೇಳಬಹುದು, ಆದ್ರ ನಾಯಿ ಇಂಥಾವ್ರದು ಅಂತ ಕಾಗದದ ಮ್ಯಾಲ ಬರಬೇಕು’ ಅಂದ್ರು. ಹಂಪಣ್ಣ ನೋಡಿದ್ರ ನಾಯಿ ನಮ್ದಲ್ಲ ಅಂತಾನ. ನನ್ನ ಒಬ್ಬಾಕಿ ಮಾತು ನಡ್ಯಾಂಗಿಲ್ಲಂತ.”

ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು. ಸಾಕುಪ್ರಾಣಿಯ ಬಗ್ಗೆ ನಿರ್ಲಕ್ಷ್ಯ, ಭಾರತೀಯ ನ್ಯಾಯ ಸಂಹಿತೆ ಕಲಂ 291. ನಾಯಿಯ ಮಾಲೀಕ ಎಂಬ ಕಡೆ ‘ತಿಳಿದುಬಂದಿಲ್ಲ’ ಎಂದು ಬರೆಯಬೇಕಾಯಿತು.

ಮಧ್ಯಾಹ್ನ ಎರಡಕ್ಕೆ ಪಂಚನಾಮೆ. ಹಂಪಣ್ಣ ಹಗ್ಗ, ಗೋಣಿಚೀಲ ಮಾರುವ ಅಂಗಡಿಯವನು, ಅರವತ್ತರ ಹತ್ತಿರ. ಪಂಚರಿಬ್ಬರಿಗೂ ನೀರು ಕೊಟ್ಟ. ಅಂಗಳದಲ್ಲಿ ಒಂದು ಬೇವಿನ ಗಿಡ. ಅದರ ಬುಡದ ತೊಗಟೆ ಸುತ್ತಲೂ ನುಣ್ಣಗೆ ಸವೆದಿತ್ತು.

“ಇಲ್ಲೇನು ಕಟ್ಟತಿದ್ದಿ?” ವಿಶ್ವರಾಧ್ಯ ಕೇಳಿದರು.

“ಎಮ್ಮಿರೀ. ಹ್ವಾದ ವರ್ಷ ಮಾರಿದ್ವಿ.”

“ಗೇಣೆತ್ತರದಾಗ ಹಗ್ಗ ಉಜ್ಜ್ಯಾದ. ನಿಮ್ಮ ಎಮ್ಮಿ ತೆವಳತಿತ್ತೇನು?”

ಪಂಚರು ನಕ್ಕರು. ಹಂಪಣ್ಣ ನಗಲಿಲ್ಲ. “ಬೀದಿ ನಾಯಿರೀ ಅದು. ಗೇಟ್ ತೆರದಿತ್ತು, ಬಂತು, ಕಚ್ಚಿತು, ಹೋತು. ನಾ ಅಂಗಡ್ಯಾಗಿದ್ದೆ.”

“ನಿಮ್ಮ ಮನಿಯಾಕಿ ಇದ್ರಲ್ಲ. ಅವರನ್ನ ಕೇಳೋಣು.”

“ಆಕಿಗಿ ಕಿವಿ ಕೇಳಂಗಿಲ್ರಿ, ಎಂಟು ವರ್ಷಾತು. ಆಕಿನ್ನ ಬಿಡ್ರಿ.”

ಕಲ್ಯಾಣಮ್ಮ ಪಡಸಾಲೆಯಲ್ಲಿ ಬೇಳೆ ಹಸನು ಮಾಡುತ್ತ ಕುಳಿತಿದ್ದಳು. ಬಂದವರನ್ನು ನೋಡಿ ನಕ್ಕು ಕೈಮುಗಿದಳು. ಕೇಳದವರ ಹೇಳಿಕೆ ಹೇಗೆ ಬರೆಯುವುದು ಎಂದು ಆ ಹೊತ್ತು ಬಿಟ್ಟುಬಂದರು. ಓಣಿಯವರೂ ‘ನಮಗ ಗೊತ್ತಿಲ್ರಿ’ ಎಂದರು. ಹಂಪಣ್ಣ ಉದ್ರಿ ಕೊಡುವವನು, ಒಳ್ಳೆಯವನು, ಅವನ ಮೇಲೆ ಯಾರು ಹೇಳಿಯಾರು?

ಶುಕ್ರವಾರ ಏನೂ ಆಗಲಿಲ್ಲ. ಶನಿವಾರ ಇಮಾಮಬೀ ಮತ್ತೆ ಬಂದಳು. ಖಾಜಾಮಿಯಾ ಅವಳ ಕೈ ನೋಡುತ್ತ ಕುಳಿತಿದ್ದ. ಅವನಿಗೆ ಹಿಂದಿನದು ನೆನಪಾಯಿತು. ಸಣ್ಣಂದಿನಲ್ಲಿ ಅವನಿಗೂ ನಾಯಿ ಕಚ್ಚಿತ್ತು. ಆಗ ಸೂಜಿ ಎಲ್ಲಿತ್ತು? ಕಚ್ಚಿದ ನಾಯಿಯದೇ ಕೂದಲು ತಂದು, ಸುಟ್ಟು, ಎಣ್ಣೆಯಲ್ಲಿ ಕಲಸಿ ಗಾಯಕ್ಕೆ ಮೆತ್ತಿದ್ದರು.

“ಆಪಾ, ದವಾಖಾನಿಗಿ ಹೋಗೂಕ ಮೊದಲು ಗಾಯಕ್ಕ ಏನರ ಹಚ್ಚಿದ್ದೇನು?”

“ಇಲ್ಲ. ಕೂದಲಾ ಅದಾವ, ಡಾಕ್ಟರ್ ಬ್ಯಾಡಂದ್ರು. ‘ಸಾಬೂನ್ಲೆ ತೊಳಿ, ಇಂಥಾ ಹೊಲಸು ಹಚ್ಚಬ್ಯಾಡ’ ಅಂತ ಬೈದ್ರು.”

“ಯಾವ ಕೂದಲಾ?”

“ಕಲ್ಯಾಣಮ್ಮ ಕೊಟ್ಟಿದ್ಳು, ಅವತ್ತ ಸಂಜೀಕ.”

ವಿಶ್ವರಾಧ್ಯ ತಲೆ ಎತ್ತಿದರು. “ಇದನ್ನ ಗುರುವಾರ ಯಾಕ ಹೇಳಲಿಲ್ಲಮ್ಮಾ?”

“ಔಷಧ ಕೊಟ್ಟಾಕಿ ಹೆಸರ ಪೊಲೀಸ್ರ ಮುಂದ ಹೆಂಗ ಹೇಳ್ಲಿರಿ? ಪಾಪ, ಆಕಿ ಅತ್ತಕೋತ ತಂದಿದ್ಳು.”

ಅವಳು ಜೊತೆಗೆ ತಂದಿದ್ದ ಬಳೆ ಪೆಟ್ಟಿಗೆಯ ತಳದಿಂದ ಪೊಟ್ಟಣ ಬಂತು. ಹಳೆಯ ಕ್ಯಾಲೆಂಡರಿನ ಹಾಳೆ, ಒಳಗೆ ಒಂದು ಹಿಡಿ ಕೆಂಚುಗೂದಲು. ಬುಡ ಸಾಪಾಗಿ ಕತ್ತರಿಯಲ್ಲಿ ಕತ್ತರಿಸಿದ್ದು. ಮಧ್ಯಾಹ್ನ ಹನ್ನೆರಡಕ್ಕೆ ಜಪ್ತಿ ಪಂಚನಾಮೆ ಆಯಿತು, ಪೊಟ್ಟಣಕ್ಕೆ ಅರಗು ಬಿತ್ತು.

ಹನ್ನೆರಡು ನಲವತ್ತಕ್ಕೆ ಅವರು ಮತ್ತೆ ಹಂಪಣ್ಣನ ಮನೆಯಲ್ಲಿದ್ದರು. ಅವನು ಊಟಕ್ಕೆ ಬಂದಿದ್ದ.

“ಹಂಪಣ್ಣ, ಬೀದಿ ನಾಯಿ ಕಚ್ಚಿ ಹೋಗೂವಾಗ ಕಟಿಂಗ್ ಮಾಡಿಸ್ಕೊಂಡು ಹೋತೇನು?”

“ಏನ್ರೀ ಅದು?”

ಖಾಜಾಮಿಯಾ ಕಲ್ಯಾಣಮ್ಮನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಪೊಟ್ಟಣ ತೋರಿಸಿದ. ಅವಳ ಮುಖ ಸಣ್ಣದಾಯಿತು. ಕಿವಿ ಕೇಳದವರು ಮಾತಾಡುವ ಹಾಗೆ ಓಣಿಗೆಲ್ಲ ಕೇಳುವಂತೆ ಹೇಳಿದಳು.

“ಅಯ್ಯ, ಇನ್ನಾ ಹಚ್ಚಿಲ್ಲೇನು? ನಮ್ಮ ಕೆಂಚಂದೇ ಕೂದಲಾ ಅವು! ನಾನೇ ಕತ್ತರಿಸೀನಿ. ಬ್ಯಾರೇ ನಾಯಿದು ಹಚ್ಚಿದ್ರ ನಾಟಂಗಿಲ್ಲ ಅಂತ ಹೇಳ್ರಿ ಆಕಿಗಿ!”

ಗಂಡ ಏನು ಹೇಳಿದ್ದಾನೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಹಂಪಣ್ಣ ಕಲಸಿದ ತುತ್ತು ತಟ್ಟೆಯಲ್ಲಿಯೇ ಬಿಟ್ಟ.

“ಎಲ್ಲದ ನಾಯಿ?” ವಿಶ್ವರಾಧ್ಯ ಕೇಳಿದರು.

“ಶಹಾಪುರದಾಗ್ರಿ. ತಂಗಿ ಗೊಲ್ಲಾಳಮ್ಮನ ಹೊಲದಾಗ.”

“ಯಾವಾಗ ಒಯ್ದಿ?”

“ಬುಧವಾರ ಮುಂಜಾನಿ. ಗೂಡ್ಸ್ ಆಟೋದಾಗ, ಚೀಲದ ನಡುವ.”

“ರೇಬೀಸಿನ ಸೂಜಿ ಹಾಕಿಸಿದ್ದೇನು?”

“ಇಲ್ರಿ. ತಪ್ಪಾತು.”

ಎರಡು ಗಂಟೆಗೆ ಜೀಪು ಶಹಾಪುರದ ಹೊಲ ಮುಟ್ಟಿತು. ಕೆಂಚ ತೊಗರಿ ಕಟ್ಟಿಗೆಯ ಬಣವೆ ನೆರಳಲ್ಲಿ ಮಲಗಿತ್ತು, ಹಂಪಣ್ಣನನ್ನು ಕಂಡು ಎದ್ದು ಬಾಲ ಬಡಿಯಿತು. ಕರೆಸಿದ ಪಶುವೈದ್ಯರು ನೋಡಿ, ಈವರೆಗೆ ರೋಗದ ಲಕ್ಷಣವಿಲ್ಲ, ಕಚ್ಚಿದ ದಿನದಿಂದ ಹತ್ತು ದಿನ ಕಟ್ಟಿಹಾಕಿ ನೋಡಬೇಕು ಎಂದು ಬರೆದುಕೊಟ್ಟರು. ಬಾಯಿಗೆ ಜಾಳಿಗೆ ಹಾಕಿಸಿದರು.

“ಸಾಹೇಬ್ರ, ಇದನ್ನ ಮುದ್ದೆಮಾಲಿನ ಕೋಣ್ಯಾಗ, ಜಪ್ತಿ ಸಾಮಾನಿನ ಜೋಡಿ ಇಡ್ಲೇನು?” ಎಂದು ಖಾಜಾಮಿಯಾ ಕೇಳಿದ.

“ಇಡು. ರಾತ್ರಿ ಪಹರೇಕ್ಕ ನಿನ್ನೇ ಹಾಕ್ತೀನಿ.”

ಮೂರೂವರೆಗೆ ಹಂಪಣ್ಣನನ್ನು ದಸ್ತಗಿರಿ ಮಾಡಲಾಯಿತು. ನಾಲ್ಕೂ ಮುಕ್ಕಾಲಿಗೆ ಠಾಣೆಯಲ್ಲಿ ಅವನು ಹೇಳಿಕೆ ಕೊಟ್ಟ: ನಾಯಿ ನನ್ನದು, ಏಳು ವರ್ಷದಿಂದ ಸಾಕಿದ್ದೇನೆ. ಇಮಾಮಬೀ ಬೆಂಚಿನ ಮೇಲೆ ಕುಳಿತು ಅದನ್ನು ಕೇಳಿಸಿಕೊಂಡಳು.

“ಮೊದಲೇ ಹೇಳಿದ್ರ ಇಷ್ಟು ತಿರುಗಾಟ ಇರ್ತಿದ್ದಿಲ್ಲ ನೋಡಣ್ಣ.”

“ಇಮಾಮಬೀ, ನಿನ್ನ ಕೈ ಸಲುವಾಗಿ ಕೇಸ್ ಹಾಕು. ನಾ ಇಲ್ಲನ್ನಂಗಿಲ್ಲ. ಜಜ್ಜು ಏನ ಹೇಳ್ತಾರ ಅದು ಕೊಡ್ತೀನಿ.”

“ಹಾಕೇ ಹಾಕ್ತೀನಿ. ನೀ ಒಳ್ಳ್ಯಾವಂತ ಬಿಡಾಂಗಿಲ್ಲ.” ಅವಳು ನಕ್ಕಳು. ಮಾಲೀಕನ ಹೆಸರು ಬಂದ ಕಾಗದವನ್ನು ಬಳೆ ಪೆಟ್ಟಿಗೆಯಲ್ಲಿಟ್ಟುಕೊಂಡು, ಸೋಮವಾರ ಬೆಳಿಗ್ಗೆಯೇ ವಕೀಲರ ಕಡೆ ಹೋಗುತ್ತೇನೆ ಎಂದು ಹೊರಟಳು.

ಜಾಮೀನಿನ ಕಾಗದ ತಯಾರಾಗುತ್ತಿತ್ತು. ವಿಶ್ವರಾಧ್ಯ ಕೇಳಿದರು. “ದಸ್ತಗಿರಿ ಸುದ್ದಿ ಯಾರಿಗಿ ತಿಳಸಬೇಕು?”

“ಹೆಂಡ್ತಿಗಿ. ಫೋನ್ ಮಾಡಿದ್ರ ಆಕಿಗಿ ಕೇಳಂಗಿಲ್ರಿ.”

“ನಾಯಿ ಯಾಕ ಮುಚ್ಚಿಟ್ಟಿ?”

“ನೀವು ಹೊಡದು ಹಾಕ್ತೀರಿ ಅನಕೊಂಡಿದ್ದೆ. ಮೊದಲ ಹಂಗೇ ಮಾಡತಿದ್ರಲ್ರಿ.”

“ಈಗ ಹಂಗ ಮಾಡಂಗಿಲ್ಲ. ಒಂದು ಮಾತು ಕೇಳಬೇಕಿಲ್ಲೇನು?”

ಹಂಪಣ್ಣ ಕೆಂಚನ ಹಗ್ಗವನ್ನು ಖಾಜಾಮಿಯಾನ ಕೈಗೆ ಕೊಟ್ಟ.

ಖಾಜಾಮಿಯಾ ಕೆಂಚನನ್ನೂ ದಸ್ತಗಿರಿ ಸುದ್ದಿಯ ಕಾಗದವನ್ನೂ ತೆಗೆದುಕೊಂಡು ರಂಗಂಪೇಟೆಗೆ ಹೋದ. ನಾಯಿ ಕಲ್ಯಾಣಮ್ಮನ ತಾಬಾದಲ್ಲಿ, ಕಟ್ಟಿಹಾಕಿ ಇರತಕ್ಕದ್ದು ಎಂದೂ ಅದರಲ್ಲಿತ್ತು. ಬಾಗಿಲು ತೆರೆದಿತ್ತು. ಅವಳು ಬೆನ್ನು ತಿರುಗಿಸಿ ಒಲೆಯ ಮುಂದೆ ಕುಳಿತಿದ್ದಳು. ಅವನು ಮೂರು ಸಲ ಕರೆದ, ಕದ ಬಡಿದ. ಅವಳು ತಿರುಗಲಿಲ್ಲ.

ಅಂಗಳದ ಗೇಟು ಹಾಕಿ ಹಗ್ಗ ಸಡಿಲು ಬಿಟ್ಟ. ಕೆಂಚ ನೇರ ಒಳಗೆ ಹೋಯಿತು. ಸೆರಗು ಹಿಡಿಯಲು ನೋಡಿತು, ಜಾಳಿಗೆ ಬಿಡಲಿಲ್ಲ. ಮೂತಿಯಿಂದ ಅವಳ ಮೊಳಕೈ ನೂಕಿತು, ಬಾಗಿಲತನಕ ಬಂದಿತು, ಮತ್ತೆ ಹೋಗಿ ನೂಕಿತು. ಕಲ್ಯಾಣಮ್ಮ ಅದರ ತಲೆ ಸವರಿ, ಯಾರೋ ಬಂದಿದ್ದಾರೆಂದು ತಿಳಿದು, ಸೆರಗು ಸರಿ ಮಾಡಿಕೊಳ್ಳುತ್ತ ಎದ್ದುಬಂದಳು.